ಹೆಸರು ಒಂದೇ, ಆಟ ಬೇರೆ: ಪೆಟ್ಟಿಗೆಯ ಮೇಲೆ ನಿಜ ಬರೆಯಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ದಸರಾ ರಜೆಯಲ್ಲಿ ನನ್ನ ಮಗಳಿಗೂ ಮಗನಿಗೂ ಕೊಡಿಸಿದ ಒಂದು ಕಾರ್ ರೇಸಿಂಗ್ ಗೇಮಿನ ವಿಷಯವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾಲೆಯ ನೀರು, ಹದಗೆಟ್ಟ ರಸ್ತೆ, ಕಬ್ಬಿನ ಬಾಕಿ ಮುಂತಾದ ಪತ್ರಗಳು ಬರುವ ಅಂಕಣದಲ್ಲಿ ಗೇಮಿನ ಮಾತೇಕೆ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಸುಮಾರು ನಾಲ್ಕು ಸಾವಿರ ರೂಪಾಯಿ ಕೊಟ್ಟು ಮನೆಗೆ ತಂದ ವಸ್ತು, ಅದರ ಪೆಟ್ಟಿಗೆಯ ಮೇಲೆ ಬರೆದಂತೆ ಇಲ್ಲದಿದ್ದರೆ ಅದು ಗ್ರಾಹಕನ ಪ್ರಶ್ನೆಯೇ ಆಗುತ್ತದೆ, ಮತ್ತು ಆ ಗ್ರಾಹಕರು ಈಗ ನಮ್ಮ ಜಿಲ್ಲೆಯ ಮನೆಮನೆಗಳಲ್ಲಿ ಇದ್ದಾರೆ ಎಂಬ ಕಾರಣಕ್ಕೆ ಇದನ್ನು ತಮ್ಮ ಮುಂದಿಡುತ್ತಿದ್ದೇನೆ. ನಾನು ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಆ ಗೇಮಿನ ಹೆಸರನ್ನಾಗಲಿ, ಅದನ್ನು ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನನ್ನ ದೂರು ಒಂದು ಕಂಪನಿಗಿಂತ ದೊಡ್ಡದಾದ ಒಂದು ರೂಢಿಯ ಮೇಲಿದೆ.

ನಮ್ಮ ಮನೆಯಲ್ಲಿರುವುದು ಸೋನಿ ಕಂಪನಿಯ ಪ್ಲೇಸ್ಟೇಷನ್ 4 ಎಂಬ ಕನ್ಸೋಲ್, ಅಂದರೆ ಟಿ.ವಿ.ಗೆ ಜೋಡಿಸಿ ಗೇಮ್ ಆಡುವ ಯಂತ್ರ. ಭಾರತಕ್ಕೆ ಅದು ಬಂದದ್ದು 2014ರ ಜನವರಿಯಲ್ಲಿ, 39,990 ರೂಪಾಯಿ ಬೆಲೆಗೆ. ನಮ್ಮದು ಸ್ನೇಹಿತರೊಬ್ಬರಿಂದ ನಾಲ್ಕು ವರ್ಷಗಳ ಬಳಿಕ ಕಡಿಮೆ ಬೆಲೆಗೆ ಸಿಕ್ಕಿದ್ದು. ಇವತ್ತಿಗೂ ಒಂದು ದಿನ ಕೆಟ್ಟು ನಿಂತಿಲ್ಲ. ಜಗತ್ತಿನಲ್ಲಿ 11 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರವಿದು. ಮುಂದಿನ ಪೀಳಿಗೆಯ ಪ್ಲೇಸ್ಟೇಷನ್ 5 ಬಂದು ವರ್ಷಗಳೇ ಆದರೂ ಹಳೆಯದು ಮೂಲೆ ಸೇರಿಲ್ಲ. ಸೇರುವುದಕ್ಕೆ ನಮ್ಮಂಥವರಿಗೆ ಕಾರಣವೂ ಇಲ್ಲ. 2021ರ ಫೆಬ್ರುವರಿಯಲ್ಲಿ ಹೊಸ ಕನ್ಸೋಲ್ ಇಲ್ಲಿಗೆ ಬಂದಾಗ ಅದರ ಬೆಲೆ 49,990 ರೂಪಾಯಿ ಇತ್ತು, ಆ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ್ದ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಟನ್ನಿಗೆ 2,850 ರೂಪಾಯಿ. ಅಂದರೆ ಹದಿನೇಳೂವರೆ ಟನ್ ಕಬ್ಬು ಕಡಿದು ಲಾರಿಗೆ ತುಂಬಿದರೆ ಒಂದು ಕನ್ಸೋಲ್. ಕಬ್ಬಿನ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಈ ಲೆಕ್ಕ ತಾನಾಗಿಯೇ ತಲೆಗೆ ಬರುತ್ತದೆ.

ದಸರೆಯ ವಸ್ತುಪ್ರದರ್ಶನ ನೋಡಲೆಂದು ಮೈಸೂರಿಗೆ ಹೋದ ದಿನ ಅಲ್ಲಿನ ಒಂದು ಅಂಗಡಿಯಲ್ಲಿ ಈ ಡಿಸ್ಕ್ ಕೊಂಡೆವು. ಅದೇ ಸರಣಿಯ ಹಿಂದಿನ ಆಟವನ್ನು ಮಕ್ಕಳಿಬ್ಬರೂ ಎರಡು ವರ್ಷ ಆಡಿದ್ದರಿಂದ ಹೊಸದಕ್ಕಾಗಿ ಹುಂಡಿಯಲ್ಲಿ ಹಣ ಕೂಡಿಟ್ಟಿದ್ದರು. ಪೆಟ್ಟಿಗೆಯ ಹಿಂಬದಿಯಲ್ಲಿ ನಾಲ್ಕು ಚಿತ್ರಗಳಿದ್ದವು: ಮಳೆಯಲ್ಲಿ ಮಿರುಗುವ ಡಾಂಬರು, ಹತ್ತಾರು ಕಾರುಗಳು ಗುಂಪಾಗಿ ತಿರುವಿಗೆ ನುಗ್ಗುವ ನೋಟ, ದೂರದ ಗುಡ್ಡದವರೆಗೂ ಕಾಣುವ ಕಾಡು, ರಾತ್ರಿಯ ಪೇಟೆ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಚಿತ್ರಗಳು ಬೇರೆ ಯಂತ್ರದಿಂದ ತೆಗೆದವಾಗಿರಬಹುದು ಎಂಬ ಅರ್ಥದ ಒಂದು ಸಾಲು ಇಂಗ್ಲಿಷಿನಲ್ಲಿತ್ತು. ಅದನ್ನು ನಾನು ಓದಿದ್ದು ಮನೆಗೆ ಬಂದ ಮೇಲೆ, ಕನ್ನಡಕ ಹಾಕಿಕೊಂಡು. ಹಳೆಯ ಕನ್ಸೋಲಿನಲ್ಲಿ ಏನಾದರೂ ವ್ಯತ್ಯಾಸವಿದೆಯೇ ಎಂದು ಅಂಗಡಿಯ ಹುಡುಗನನ್ನು ಕೇಳಿದ್ದೆ. ‘ಎಲ್ಲಾ ಒಂದೇ ಸರ್, ಗ್ರಾಫಿಕ್ಸ್ ಸ್ವಲ್ಪ ಡಲ್ ಇರುತ್ತೆ ಅಷ್ಟೇ’ ಎಂದ. ಅವನು ಸುಳ್ಳು ಹೇಳಿದನೆಂದು ನಾನು ಭಾವಿಸುವುದಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ.

ಗ್ರಾಫಿಕ್ಸ್ ಡಲ್ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹಳೆಯ ಯಂತ್ರಕ್ಕೆ ಗೇಮನ್ನು ಪೋರ್ಟ್ ಮಾಡುವಾಗ, ಅಂದರೆ ಅದರಲ್ಲಿ ಓಡುವಂತೆ ಹೊಂದಿಸುವಾಗ, ಎಲೆಗಳ ಸಂಖ್ಯೆ ಕಡಿಮೆಯಾಗಲಿ, ನೆರಳು ಒರಟಾಗಲಿ, ಪ್ರೇಕ್ಷಕರ ಗ್ಯಾಲರಿಯಲ್ಲಿ ರಟ್ಟಿನ ಬೊಂಬೆಗಳಂಥ ಜನ ಕೂತಿರಲಿ, ಯಾವ ಮಗುವೂ ತಕರಾರು ಮಾಡುವುದಿಲ್ಲ. ನಮ್ಮ ಡಿಸ್ಕಿನಲ್ಲಿ ಆಗಿದ್ದು ಬೇರೆ. ಮಳೆಯೇ ಇರಲಿಲ್ಲ. ಹಿಂದಿನ ಆಟದಲ್ಲಿ ಅಕ್ಕ ತಮ್ಮ ಒಂದೇ ಟಿ.ವಿ.ಯನ್ನು ಮೇಲೆ ಕೆಳಗೆ ಹಂಚಿಕೊಂಡು ಆಡುತ್ತಿದ್ದ ಸ್ಪ್ಲಿಟ್ ಸ್ಕ್ರೀನ್ ಇರಲಿಲ್ಲ. ಹೊಸ ಕನ್ಸೋಲಿನ ಆವೃತ್ತಿಯಲ್ಲಿ ಅದಿದೆ ಎಂದು ಆಮೇಲೆ ತಿಳಿಯಿತು. ಪೇಟೆಯ ಬೀದಿಯಲ್ಲಿ ವೇಗವಾಗಿ ಹೋಗುವಾಗ ಎದುರಿನ ಕಟ್ಟಡಗಳು ಮೊದಲು ಬೂದು ಬಣ್ಣದ ಡಬ್ಬಗಳಾಗಿ ನಿಂತು, ಕಾರು ಅವುಗಳ ಬುಡಕ್ಕೆ ಬಂದ ಮೇಲೆ ಕಿಟಕಿ ಬಾಗಿಲು ಮೂಡಿಸಿಕೊಳ್ಳುತ್ತಿದ್ದವು. ಎರಡು ಬಾರಿ ರಸ್ತೆಯೇ ತಡವಾಗಿ ಬಂತು. ಕಾರುಗಳು ಒಟ್ಟಾಗಿ ತಿರುವಿಗೆ ಬಂದಾಗಲೆಲ್ಲ ಚಿತ್ರ ತಡವರಿಸುತ್ತಿತ್ತು, ಅದೂ ಆಟಗಾರನಿಗೆ ಅತ್ಯಂತ ಖಚಿತವಾದ ನಿಯಂತ್ರಣ ಬೇಕಾದ ಕ್ಷಣದಲ್ಲಿ.

ಹನ್ನೆರಡು ವರ್ಷದ ಮಗಳು ಮೊದಲ ಮೂರು ದಿನ ಏನನ್ನೂ ಹೇಳಲಿಲ್ಲ. ನಾಲ್ಕನೆಯ ದಿನ ಕಂಟ್ರೋಲರ್ ಕೆಳಗಿಟ್ಟು, ‘ಅಪ್ಪ, ನನ್ನ ಕೈಯೇ ಸರಿ ಇಲ್ಲ, ಬ್ರೇಕ್ ಹಾಕೋದು ಲೇಟ್ ಆಗ್ತಿದೆ’ ಎಂದಳು. ಹಿಂದಿನ ಆಟದಲ್ಲಿ ತಮ್ಮನನ್ನೂ ಅವನ ಗೆಳೆಯರನ್ನೂ ಸಲೀಸಾಗಿ ಸೋಲಿಸುತ್ತಿದ್ದ ಹುಡುಗಿ ಅವಳು. ಯಂತ್ರದ ತಪ್ಪನ್ನು ತನ್ನ ಬೆರಳುಗಳ ಮೇಲೆ ಹಾಕಿಕೊಂಡು ಮೂರು ದಿನ ಕೊರಗಿದ್ದಳೆಂಬುದು ನನಗೆ ಇಂದಿಗೂ ಸಂಕಟದ ವಿಷಯ.

ಅವಳ ಮಾತನ್ನು ಪರೀಕ್ಷಿಸಿಯೇ ನೋಡೋಣವೆಂದು, ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಕ್ಯಾಮೆರಾವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬ್ರೇಕ್ ಗುಂಡಿಯ ಮೇಲಿನ ಅವಳ ಬೆರಳೂ ಟಿ.ವಿ.ಯೂ ಒಟ್ಟಿಗೆ ಕಾಣುವಂತೆ ಚಿತ್ರೀಕರಿಸಿದೆವು. ಟಿ.ವಿ. ಅದೇ, ಕಂಟ್ರೋಲರ್ ಅದೇ, ಚಿತ್ರ ತೋರಿಸುವ ವಿಳಂಬವನ್ನು ತಗ್ಗಿಸುವ ಟಿ.ವಿ.ಯ ಗೇಮ್ ಮೋಡ್ ಎರಡು ಸಲವೂ ಚಾಲೂ ಇತ್ತು. ಗುಂಡಿ ಒತ್ತಿದ ಕ್ಷಣದಿಂದ ಕಾರಿನ ಹಿಂದಿನ ಕೆಂಪು ದೀಪ ಹೊತ್ತುವವರೆಗೆ ಹಿಂದಿನ ಆಟದಲ್ಲಿ ಸರಾಸರಿ 26 ಚಿತ್ರಗಳಾದವು. ಹೊಸ ಆಟದಲ್ಲಿ, ತಿರುವಿನ ಗುಂಪಿನಲ್ಲಿ, 44 ಆದವು. ಸೆಕೆಂಡಿಗೆ ಪರಿವರ್ತಿಸಿದರೆ 108 ಮಿಲಿಸೆಕೆಂಡ್ ಮತ್ತು 183 ಮಿಲಿಸೆಕೆಂಡ್. ನಡುವಿನ ವ್ಯತ್ಯಾಸ 75 ಮಿಲಿಸೆಕೆಂಡ್ ಎಂದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅವಧಿ, ನಿಜ. ಆದರೆ ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 55 ಮೀಟರಿಗಿಂತ ಹೆಚ್ಚು ಸಾಗುತ್ತದೆ, ಆ 75 ಮಿಲಿಸೆಕೆಂಡಿನಲ್ಲಿ ನಾಲ್ಕು ಮೀಟರಿಗೂ ಮಿಕ್ಕಿ ಮುಂದೆ ಹೋಗಿರುತ್ತದೆ. ಅದು ಒಂದು ಕಾರಿನ ಉದ್ದ. ತಿರುವಿನಲ್ಲಿ ಒಂದು ಕಾರಿನಷ್ಟು ತಡವಾಗಿ ಬ್ರೇಕ್ ಬಿದ್ದರೆ ಗೋಡೆಗೆ ಹೋಗುತ್ತದೆ, ಅವಳ ಕಾರು ಹೋಗುತ್ತಿದ್ದದ್ದೂ ಅಲ್ಲಿಗೇ. ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವಳ ಮುಖ ಅರಳಿತು.

ರೇಸಿಂಗ್ ಆಟಕ್ಕೆ ಇದು ಬೇರೆ ಆಟಗಳಿಗಿಂತ ಹೆಚ್ಚು ಮುಖ್ಯವಾಗುವುದು ಏಕೆಂಬುದನ್ನು ಸ್ವಲ್ಪ ವಿವರಿಸಬೇಕು. ಟಿ.ವಿ.ಯ ಮೇಲೆ ಕಾಣುವ ಚಲನೆ ಸೆಕೆಂಡಿಗೆ ಇಷ್ಟು ಎಂದು ಬಿಡಿ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸಾಲು. ಸೆಕೆಂಡಿಗೆ 60 ಫ್ರೇಮ್ ಬಂದರೆ ಅದೇ 200 ಕಿಲೋಮೀಟರ್ ವೇಗದ ಕಾರು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಒಂದು ಮೀಟರಿನೊಳಗೆ ಜಿಗಿಯುತ್ತದೆ, 30 ಬಂದರೆ ಎರಡು ಮೀಟರಿನ ಹತ್ತಿರ, 20ಕ್ಕೆ ಕುಸಿದರೆ ಮೂರು ಮೀಟರಿನ ಹತ್ತಿರ. ಒಗಟು ಬಿಡಿಸುವ ಆಟದಲ್ಲಿ ಈ ಜಿಗಿತ ಲೆಕ್ಕಕ್ಕೆ ಬರುವುದಿಲ್ಲ. ಕಾರಿನ ಆಟದಲ್ಲಿ ಅದೇ ಸರ್ವಸ್ವ. ಎರಡನೆಯ ಕಾರಣ ಹಾರ್ಡ್ ಡಿಸ್ಕ್, ಅಂದರೆ ಗೇಮಿನ ಮಾಹಿತಿಯನ್ನು ಇಟ್ಟುಕೊಳ್ಳುವ, ಯಂತ್ರದೊಳಗಿನ ಡಿಸ್ಕ್. ಹಳೆಯ ಕನ್ಸೋಲಿನ ತಿರುಗುವ ಡಿಸ್ಕಿನಿಂದ ಸೆಕೆಂಡಿಗೆ 50ರಿಂದ 100 ಮೆಗಾಬೈಟ್ ಮಾಹಿತಿ ಬರುತ್ತದೆ, ಹೊಸದರಲ್ಲಿರುವ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಿಂದ 5,500 ಮೆಗಾಬೈಟ್. ನಮ್ಮ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ವೇಯಲ್ಲಿ ನಿಯಮದಂತೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗಲೇ ಪ್ರತಿ ಸೆಕೆಂಡಿಗೆ 28 ಮೀಟರ್ ಹೊಸ ರಸ್ತೆ, ಹೊಸ ಗದ್ದೆ, ಹೊಸ ಫಲಕ ಎದುರಾಗುತ್ತವೆ. ಆಟದಲ್ಲಿ ಅದರ ಎರಡು ಮೂರು ಪಟ್ಟು ವೇಗಕ್ಕೆ ಬೇಕಾದ ಬೀದಿ, ಮರ, ಕಟ್ಟಡಗಳನ್ನು ಡಿಸ್ಕಿನ ಮುಳ್ಳು ಅಲ್ಲಲ್ಲಿ ಹುಡುಕಿ ತಂದುಕೊಡಬೇಕು. ಆ ಹುಡುಕಾಟವನ್ನು ತಗ್ಗಿಸಲೆಂದೇ ಗೇಮ್ ತಯಾರಕರು ಒಂದೇ ಕಂಬ, ಒಂದೇ ಪೆಟ್ಟಿಗೆಯ ಮಾಹಿತಿಯನ್ನು ಡಿಸ್ಕಿನಲ್ಲಿ ಅನೇಕ ಕಡೆ ನಕಲು ಮಾಡಿಡುತ್ತಿದ್ದರು. ಎಸ್‌ಎಸ್‌ಡಿಯನ್ನೇ ನಂಬಿ ಕಟ್ಟಿದ ಊರನ್ನು ತಿರುಗುವ ಡಿಸ್ಕಿಗೆ ಹಾಗೆಯೇ ಇಳಿಸಿದರೆ ಬೂದು ಡಬ್ಬಗಳು ಬರದೆ ಇನ್ನೇನು ಬರಬೇಕು?

ಹಾಗೆಂದು ಹಳೆಯ ಯಂತ್ರಕ್ಕೆ ಒಳ್ಳೆಯ ಆಟ ಮಾಡುವುದು ಆಗದ ಮಾತಲ್ಲ. 2022ರ ಮಾರ್ಚಿನಲ್ಲಿ ಬಂದ ಗ್ರಾನ್ ಟುರಿಸ್ಮೊ 7 ಎರಡೂ ಕನ್ಸೋಲ್‌ಗಳಿಗೆ ಒಟ್ಟಿಗೇ ಬಂತು. ಹಳೆಯದರಲ್ಲಿ ಆಟ ತೆರೆದುಕೊಳ್ಳಲು ಹೆಚ್ಚು ಹೊತ್ತು ಬೇಕು, ಚಿತ್ರದ ಮೊನಚು ಕಡಿಮೆ. ಆದರೆ ಕಾರುಗಳು ಅವೇ, ಟ್ರ್ಯಾಕ್‌ಗಳು ಅವೇ, ಮಳೆಯೂ ಇದೆ, ಇಬ್ಬರು ಕೂತು ಆಡುವ ಸ್ಪ್ಲಿಟ್ ಸ್ಕ್ರೀನೂ ಇದೆ. ಎಲ್ಲಿ ಕಡಿತ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ವಿವೇಕ ಅಲ್ಲಿ ಕಾಣುತ್ತದೆ. ಇನ್ನೊಂದು ದಾರಿಯೂ ಉಂಟು: ಅದೇ ವರ್ಷದ ನೀಡ್ ಫಾರ್ ಸ್ಪೀಡ್ ಅನ್‌ಬೌಂಡ್ ಹಳೆಯ ಕನ್ಸೋಲ್‌ಗಳಿಗೆ ಬರಲೇ ಇಲ್ಲ. ನಮ್ಮಂಥವರಿಗೆ ಅದು ಬೇಸರವೇ, ಆದರೂ ಅದರಲ್ಲಿ ಮೋಸವಿಲ್ಲ.

ಈ ಸಮಸ್ಯೆ ಇಂದಿನದೂ ಅಲ್ಲ. ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದ, ಸೆಗಾ ಕಂಪನಿಯ ಡೇಟೋನಾ ಯುಎಸ್‌ಎ ಎಂಬ ಕಾರ್ ಆಟ, 1995ರಲ್ಲಿ ಮನೆಯ ಸ್ಯಾಟರ್ನ್ ಕನ್ಸೋಲಿಗೆ ಬಂದಾಗ 20ಕ್ಕೆ ಇಳಿದಿತ್ತು, ರಸ್ತೆಬದಿಯ ದೃಶ್ಯ ಕಣ್ಣೆದುರೇ ಧುತ್ತೆಂದು ಎದ್ದು ನಿಲ್ಲುತ್ತಿತ್ತು. ಮರುವರ್ಷ ಸೆಗಾ ಅದನ್ನು ಸುಧಾರಿಸಿ ಬೇರೆ ಆವೃತ್ತಿಯಾಗಿ, ಹೆಸರಿಗೆ ಬೇರೆ ಬಾಲ ಜೋಡಿಸಿ ಹೊರತಂದಿತು.

ನನ್ನ ಮಾತಿಗೆ ಇನ್ನೂ ಹತ್ತಿರದ ಉದಾಹರಣೆ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕನ್ಸೋಲ್‌ಗಳಿಗೆ ಬಂದ ಫೋರ್ಜಾ ಹೊರೈಜನ್ 2 ಎಂಬ ಕಾರ್ ಆಟ. ಅದು 2014ರ ಸೆಪ್ಟೆಂಬರ್ 30ರಂದು ಒಂದೇ ಹೆಸರಿನಲ್ಲಿ ಎರಡು ಯಂತ್ರಗಳಿಗೆ ಬಂತು. ಹೊಸ ಎಕ್ಸ್‌ಬಾಕ್ಸ್ ಒನ್‌ಗೆ ಪ್ಲೇಗ್ರೌಂಡ್ ಗೇಮ್ಸ್ ತಯಾರಿಸಿದ್ದು ಒಂದು ಆಟ. ಹಳೆಯ ಎಕ್ಸ್‌ಬಾಕ್ಸ್ 360ಕ್ಕೆ ಸುಮೊ ಡಿಜಿಟಲ್, 2012ರ ಮೊದಲ ಹೊರೈಜನ್ನಿನ ತಂತ್ರಾಂಶದ ಮೇಲೆ ಕಟ್ಟಿಕೊಟ್ಟದ್ದು ಇನ್ನೊಂದು. ಮೊದಲನೆಯದರಲ್ಲಿ ಬಿಸಿಲಿನ ನಡುವೆ ಮಳೆ ಬಂದು ರಸ್ತೆ ನೆನೆಯುತ್ತಿತ್ತು, ಎರಡನೆಯದರಲ್ಲಿ ಮಳೆಯಿಲ್ಲ. ಬೇರೆ ಆಟಗಾರರು ಓಡಿಸುವ ರೀತಿಯನ್ನು ಕಲಿತು ಎದುರಾಳಿಯಾಗಿ ಬರುವ ಡ್ರೈವಟಾರ್ ಎಂಬ ಏರ್ಪಾಡು ಮೊದಲನೆಯದರಲ್ಲಿ ಮಾತ್ರ. ಡಿಸೆಂಬರಿನಲ್ಲಿ ಬಂದ ಸ್ಟಾರ್ಮ್ ಐಲೆಂಡ್ ಎಂಬ ವಿಸ್ತರಣೆಯೂ ಹೊಸ ಯಂತ್ರಕ್ಕಷ್ಟೇ. ಒಂದರಲ್ಲಿ 8 ಗಿಗಾಬೈಟ್ ಮೆಮೊರಿ, ಇನ್ನೊಂದರಲ್ಲಿ ಅದರ ಹದಿನಾರನೆಯ ಒಂದು ಪಾಲು, 512 ಮೆಗಾಬೈಟ್. ಹೀಗಿರುವಾಗ ಎರಡೂ ಒಂದೇ ಆಗಿರಲು ಸಾಧ್ಯವಿರಲಿಲ್ಲ ಎಂಬುದನ್ನು ಯಾರಾದರೂ ಒಪ್ಪುತ್ತಾರೆ, ಹಳೆಯದನ್ನು ಮಾಡಿದವರ ಶ್ರಮವನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಭಾರತದ ಮಟ್ಟಿಗೆ ಇನ್ನೊಂದು ಸಂಗತಿಯಿದೆ: ಎಕ್ಸ್‌ಬಾಕ್ಸ್ ಒನ್ ನಮ್ಮ ದೇಶಕ್ಕೆ ಬಂದದ್ದೇ ಆ ವರ್ಷದ ಸೆಪ್ಟೆಂಬರ್ 23ಕ್ಕೆ, ಆಟಕ್ಕಿಂತ ಒಂದು ವಾರ ಮೊದಲು. ಇಲ್ಲಿನ ಮನೆಗಳಲ್ಲಿ ಆಗ ಇದ್ದ ಎಕ್ಸ್‌ಬಾಕ್ಸ್ ಎಂದರೆ ಬಹುಪಾಲು 360. ಎರಡು ಬೇರೆ ಆಟಗಳಿಗೆ ಒಂದೇ ಹೆಸರಿಟ್ಟರೆ ಹಳೆಯ ಯಂತ್ರ ಇಟ್ಟುಕೊಂಡವನು ಏನೆಂದುಕೊಂಡು ಕೊಳ್ಳಬೇಕು?

ನಮ್ಮ ಮಂಡ್ಯದ ಬೆಲ್ಲದ ಮಾರುಕಟ್ಟೆಗೆ ಬಂದು ನೋಡಿದರೆ ಇದಕ್ಕೆ ಉತ್ತರ ಕಾಣುತ್ತದೆ. ಒಂದೇ ಕಬ್ಬಿನ ಹಾಲು, ಒಂದೇ ಆಲೆಮನೆಯ ಕೊಪ್ಪರಿಗೆ. ಆದರೆ ಅಚ್ಚು ಬೆಲ್ಲಕ್ಕೆ ಒಂದು ಹೆಸರು ಒಂದು ದರ, ಬಕೆಟ್ ಬೆಲ್ಲಕ್ಕೆ ಇನ್ನೊಂದು, ಕುರಿಕಾಟು ಬೆಲ್ಲಕ್ಕೆ ಮತ್ತೊಂದು. ಕೊಳ್ಳುವವನು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಬಣ್ಣ ನೋಡಿ, ಆಮೇಲೆ ಚೌಕಾಸಿಗೆ ಇಳಿಯುತ್ತಾನೆ. ಬಕೆಟ್ ಬೆಲ್ಲ ಕೊಂಡವನು ಅಚ್ಚು ಬೆಲ್ಲ ಸಿಗಲಿಲ್ಲವೆಂದು ಜಗಳ ತೆಗೆದದ್ದನ್ನು ನಾನು ಕಂಡಿಲ್ಲ, ಏಕೆಂದರೆ ಅವನಿಗೆ ಅದು ಬಕೆಟ್ ಬೆಲ್ಲವೆಂದು ಗೊತ್ತಿರುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಡಿಸ್ಕನ್ನು ಹೀಗೆ ಚೂರು ಮುರಿದು ನೋಡಲು ಬರುವುದಿಲ್ಲ, ಹಾಳೆ ಹರಿದ ಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ನಾವು ಮಾರನೆಯ ವಾರ ಕೇಳಿಕೊಂಡು ಹೋದಾಗಲೂ ಹಾಗೆಯೇ ಹೇಳಿದರು. ಮುಂದಿನ ಅಪ್‌ಡೇಟ್ ಬಂದರೆ ಸರಿಹೋಗಬಹುದು ಎಂಬ ಭರವಸೆಯನ್ನೂ ಕೊಟ್ಟರು. ಎರಡು ಅಪ್‌ಡೇಟ್ ಬಂದವು, ಮಳೆ ಬರಲಿಲ್ಲ.

ಹಳೆಯ ಯಂತ್ರದ ಆವೃತ್ತಿಯನ್ನು ಮಾರಾಟಕ್ಕೆ ಮೊದಲು ತೋರಿಸದೆ ಇರುವುದೇ ಇಲ್ಲಿ ಮೂಲ ತಪ್ಪು ಎಂದು ನನ್ನ ಅಭಿಪ್ರಾಯ. 2020ರ ಡಿಸೆಂಬರ್ 10ರಂದು ಬಂದ ಸೈಬರ್‌ಪಂಕ್ 2077 ರೇಸಿಂಗ್ ಆಟವಲ್ಲ, ಆದರೆ ಈ ವಿಷಯದಲ್ಲಿ ಎಲ್ಲರೂ ನೆನಪಿಡಬೇಕಾದ ಪ್ರಕರಣ. ಹಳೆಯ ಕನ್ಸೋಲ್‌ಗಳಲ್ಲಿ ಅದರ ಸ್ಥಿತಿ ಎಷ್ಟು ಕೆಟ್ಟದಾಗಿತ್ತೆಂದರೆ ಅದನ್ನು ತಯಾರಿಸಿದ ಸಿಡಿ ಪ್ರಾಜೆಕ್ಟ್ ಸಂಸ್ಥೆ, ಆ ಯಂತ್ರಗಳ ಮೇಲೆ ಆಟವನ್ನು ಮೊದಲೇ ತೋರಿಸದೆ ಇದ್ದುದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿತು. ಬಿಡುಗಡೆಯಾಗಿ ಎಂಟು ದಿನ ಕಳೆಯುವುದರೊಳಗೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ಮರಳಿಸಲು ಒಪ್ಪಿತು. ಆಟ ಆ ಅಂಗಡಿಗೆ ಮರಳಿದ್ದು 2021ರ ಜೂನ್ ತಿಂಗಳಲ್ಲಿ. ಗ್ರಾಹಕರ ಕೂಗು ಜಗತ್ತಿನಾದ್ಯಂತ ಎದ್ದದ್ದರಿಂದ ಅದು ಆಯಿತು. ಅಷ್ಟು ಸದ್ದು ಮಾಡದ ಮಧ್ಯಮ ಗಾತ್ರದ ಆಟಗಳನ್ನು ಕೊಂಡವರ ಪಾಲಿಗೆ ಹಣವೂ ಇಲ್ಲ, ಕ್ಷಮೆಯೂ ಇಲ್ಲ.

ಕಾನೂನು ನಮ್ಮ ಕಡೆಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆಗಳ ಬಗ್ಗೆ ತಿಳಿಯುವುದನ್ನು ಗ್ರಾಹಕನ ಹಕ್ಕು ಎನ್ನುತ್ತದೆ. ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದನ್ನು ದಾರಿತಪ್ಪಿಸುವ ಜಾಹೀರಾತಿನ ಲಕ್ಷಣಗಳಲ್ಲಿ ಸೇರಿಸಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಶುಲ್ಕವೂ ಇಲ್ಲ, 1915ಕ್ಕೆ ಕರೆ ಮಾಡಿಯೂ ದೂರು ಹೇಳಬಹುದು. ಆದರೆ ನಾಲ್ಕು ಸಾವಿರದ ಡಿಸ್ಕಿಗಾಗಿ ಕೆಲಸ ಬಿಟ್ಟು ಅಲೆಯುವ ಗ್ರಾಹಕ ಎಷ್ಟು ಜನ ಸಿಗುತ್ತಾರೆ? ಆದ್ದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಮುಂದಾಗಿ ಒಂದು ಸಣ್ಣ ನಿಯಮ ಮಾಡಬೇಕೆಂದು ನನ್ನ ಕೋರಿಕೆ. ಯಾವ ಕನ್ಸೋಲಿನ ಪೆಟ್ಟಿಗೆಯೋ ಆ ಕನ್ಸೋಲಿನಿಂದಲೇ ತೆಗೆದ ಚಿತ್ರಗಳು ಅದರ ಹಿಂಬದಿಯಲ್ಲಿರಬೇಕು. ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನೂ, ಹೊಸ ಯಂತ್ರದ ಆವೃತ್ತಿಯಲ್ಲಿದ್ದು ಇದರಲ್ಲಿ ಇಲ್ಲದಿರುವ ಮುಖ್ಯ ಅಂಶಗಳನ್ನೂ ಓದಲಾಗುವ ಗಾತ್ರದ ಅಕ್ಷರಗಳಲ್ಲಿ ಮುದ್ರಿಸಬೇಕು. ‘ಮಳೆ ಇಲ್ಲ, ಸ್ಪ್ಲಿಟ್ ಸ್ಕ್ರೀನ್ ಇಲ್ಲ’ ಎಂಬ ಐದು ಪದಗಳಿದ್ದಿದ್ದರೆ ನಾವು ಆ ದಿನ ಡಿಸ್ಕನ್ನು ಕಪಾಟಿಗೆ ಮರಳಿಸಿ, ಬೇರೊಂದನ್ನು ಆರಿಸಿಕೊಳ್ಳುತ್ತಿದ್ದೆವು.

ಹಳೆಯ ಕನ್ಸೋಲ್ ಇಟ್ಟುಕೊಂಡು ಹೊಸ ಆಟ ಏಕೆ ಬಯಸುತ್ತೀರಿ, ಹೊಸ ಯಂತ್ರವನ್ನೇ ಕೊಳ್ಳಿ ಎಂದು ಪರಿಚಿತರೊಬ್ಬರು ಹೇಳಿದರು. ಹಳೆಯ ಯಂತ್ರಕ್ಕೆ ಆಟ ಮಾಡಿಕೊಡಿ ಎಂದು ನಾವು ಯಾರ ಬಾಗಿಲಿಗೂ ಹೋಗಿರಲಿಲ್ಲ. ಮಾಡಿ, ಪೂರ್ತಿ ಬೆಲೆ ಹಾಕಿ, ಅಂಗಡಿಯಲ್ಲಿ ಇಟ್ಟವರು ಅವರು. ಇಟ್ಟ ಮೇಲೆ ಅದು ಏನು ಎಂದು ಹೇಳುವ ಹೊಣೆಯೂ ಅವರದೇ.

ಕೊನೆಯದಾಗಿ ತಮ್ಮ ಪತ್ರಿಕೆಗೂ ಒಂದು ವಿನಂತಿ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿದಾಗ ಕನ್ನಡ ಪತ್ರಿಕೆಗಳಲ್ಲಿ ಗೇಮ್ ಎಂಬ ಪದ ದಿನವೂ ಕಾಣಿಸುತ್ತಿತ್ತು, ಅದು ಬೇಕಾಗಿದ್ದ ಸುದ್ದಿಯೇ. ಆದರೆ ಮಕ್ಕಳು ಮನೆಯಲ್ಲಿ ದುಡ್ಡಿನ ಹಂಗಿಲ್ಲದೆ ಆಡುವ ಆಟಗಳ ಗುಣದೋಷವನ್ನು ಕನ್ನಡದಲ್ಲಿ ತೂಗಿ ನೋಡಿ ಬರೆಯುವವರು ತೀರ ಕಡಿಮೆ. ಬರೆದಾಗಲೂ ಹೆಚ್ಚಿನ ಬರಹಗಳು ಅತ್ಯಂತ ದುಬಾರಿ ಯಂತ್ರದ ಮೇಲೆ ಆಡಿ ಬರೆದವಾಗಿರುತ್ತವೆ. ತಮ್ಮ ತಂತ್ರಜ್ಞಾನ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಒಂದು ಹೊಸ ಆಟವನ್ನು ಹತ್ತು ವರ್ಷ ಹಳೆಯ ಕನ್ಸೋಲಿನಲ್ಲಿ, ಸಾಧಾರಣ ಟಿ.ವಿ.ಯಲ್ಲಿ ಆಡಿಸಿ ನೋಡಿ, ಕಂಡದ್ದನ್ನು ಕಂಡಂತೆ ಬರೆಸಿ. ಅದಕ್ಕೆ ಯಂತ್ರ ಬೇಕಿದ್ದರೆ ನಮ್ಮದನ್ನು ಕೊಡುತ್ತೇನೆ. ಬ್ರೇಕ್ ಎಷ್ಟು ತಡವಾಗಿ ಬೀಳುತ್ತದೆಂದು ಎಣಿಸಿಕೊಡಲು ಮಗಳು ಆಗಲೇ ಸಿದ್ಧಳಾಗಿದ್ದಾಳೆ.

ತಮ್ಮ ವಿಶ್ವಾಸಿ,
ಒಬ್ಬ ಭೌತಶಾಸ್ತ್ರ ಉಪನ್ಯಾಸಕ
ಮಂಡ್ಯ